ಬೂಟಿನ ಗೃಹಪ್ರವೇಶ

ಕಳೆದ ತಿಂಗಳು ಒಂದು ಮಧ್ಯಾಹ್ನ ಮಗಳ ಕೈಗೆ ಕಳ್ಳಿಯಂತೆ ಸಿಕ್ಕಿಬಿದ್ದೆ. ಅದೂ ನಮ್ಮದೇ ಮನೆಯ ಹಾಲ್‌ನಲ್ಲಿ. ಕಾಲಲ್ಲಿ ಬೂಟಿತ್ತು.

ಇಂಗ್ಲೆಂಡಿಗೆ ಬಂದು ಇಪ್ಪತ್ತೆರಡು ವರ್ಷ. ಇದುವರೆಗಿನ ರಜೆಗಳೆಲ್ಲ ಊರಿನ ಮದುವೆ, ಮುಂಜಿಗಳಲ್ಲೇ ಮುಗಿದವು. ಈ ಸಲ ಮೊದಲ ಬಾರಿಗೆ ನನಗೇ ಅಂತ ಒಂದು ವಾರ: ಇಟಲಿಯ ದ್ರಾಕ್ಷಿ ತೋಟಗಳ ನಡುವೆ ದಿನಕ್ಕೆ ಹತ್ತು ಮೈಲಿ ನಡಿಗೆ. (ವಿಜಾಪುರದವಳು ದ್ರಾಕ್ಷಿ ನೋಡಲು ಇಟಲಿಗೆ ಹೋಗಬೇಕೆ ಅಂತ ನಮ್ಮಣ್ಣ ಫೋನಿನಲ್ಲಿ ನಕ್ಕ. ನಗಲಿ. ವಿಜಾಪುರಕ್ಕೆ ಹೋದರೆ ಅವನ ಮನೆಯಲ್ಲಿ ರೊಟ್ಟಿ ಬಡಿಯುವವಳು ನಾನೇ.)

ನನಗೂ ಜೊತೆಗೆ ಹೊರಟ ಯಜಮಾನರಿಗೂ ನಡಿಗೆಯ ಬೂಟು ಕೊಡುವಾಗ ಅಂಗಡಿಯ ಹುಡುಗಿ ಹೇಳಿದ್ದಳು: ಎರಡು ವಾರ ಮನೆಯೊಳಗೆ ಹಾಕಿಕೊಂಡು ಓಡಾಡಿ, ಕಾಲಿಗೆ ಒಗ್ಗಲಿ. ರಸ್ತೆಗೆ ಹಾಕಿಕೊಂಡು ಹೋದರೆ ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮನೆಯೊಳಗೆ? ಬೂಟು?

ಪಿನ್ನರ್‌ನ ನಮ್ಮ ಮನೆಯಲ್ಲಿ ಬಾಯ್ಲರ್ ರಿಪೇರಿಯವನೂ ಬಾಗಿಲಲ್ಲೇ ಶೂ ಬಿಚ್ಚಿದ್ದಾನೆ. ಮಗಳ ಹತ್ತನೇ ಬರ್ತ್‌ಡೇಗೆ ಬಂದ ಮಕ್ಕಳೆಲ್ಲ ಬಿಚ್ಚಿದ್ದಾರೆ. ಒಬ್ಬ ಹುಡುಗನ ತೂತು ಸಾಕ್ಸ್‌ನಿಂದ ಹೆಬ್ಬೆರಳು ಇಣುಕಿ, ಅವನು ಅತ್ತುಬಿಟ್ಟಿದ್ದ. ಮಗಳು ಅದನ್ನು ಇಂದಿಗೂ ಮರೆತಿಲ್ಲ.

ನಮ್ಮ ಯಜಮಾನರು ಡಾಕ್ಟರು, ಧಾರವಾಡದವರು, ತರ್ಕ ಜಾಸ್ತಿ. "ಹೊಸಾ ಬೂಟು ಅದ. ರಸ್ತಾನ ಮುಟ್ಟಿಲ್ಲ. ಹೊಲಸು ಎಲ್ಲಿಂದ ಬಂತು?"

"ಬೂಟು ಅಂದ್ರ ಬೂಟು," ಅಂದೆ.

ಅವರು ತಮ್ಮ ಬೂಟು ಹಿಡಿದು ಗರಾಜಿಗೆ ಹೋದರು. ದಿನಾ ಅರ್ಧ ಗಂಟೆ ಅಲ್ಲೇ ಸುತ್ತು. ನನ್ನನ್ನೂ ಕರೆದರು. ಗರಾಜಿನಲ್ಲಿ ಸುತ್ತಲು ನಾನೇನು ಕಾರೇ?

ಹೊರಡಲು ನಾಲ್ಕು ದಿನವಿದ್ದಾಗ ಹೆದರಿಕೆಯಾಯಿತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬೂಟು ಏರಿಸಿದೆ. ದೇವರ ಗೂಡಿಗೆ ಬೆನ್ನು ಮಾಡಿ ಐದು ಹೆಜ್ಜೆ ಹಾಕಿದ್ದೆ, ಅಷ್ಟೆ. ಅಕ್ಸ್‌ಬ್ರಿಡ್ಜ್‌ನ ಯೂನಿವರ್ಸಿಟಿ ಕ್ಲಾಸಿನಲ್ಲಿ ಕೂತಿರಬೇಕಾದ ಮಗಳು ಬಾಗಿಲಲ್ಲಿ ನಿಂತಿದ್ದಳು.

"ಮಮ್. ಶೂಸ್ ಆಫ್."

ನನ್ನದೇ ದನಿ. ಹುಬ್ಬು ಏರಿಸಿದ್ದೂ ನನ್ನ ಹಾಗೇ. ಈ ಒಂದು ಮಾತಿಗಾಗಿ ಹತ್ತು ವರ್ಷ ಕಾದಿದ್ದಳೋ ಏನೋ! ನಾನು ತೆಪ್ಪಗೆ ಬಿಚ್ಚಿದೆ. ಬೂಟು ಮತ್ತೆ ಡಬ್ಬಿ ಸೇರಿತು.

ಇಟಲಿ ಚೆನ್ನಾಗಿತ್ತು, ಮೊದಲ ದಿನದ ಮೂರು ಮೈಲಿವರೆಗೆ. ಆಮೇಲೆ ನಾನು ತೋಟ ನೋಡಲಿಲ್ಲ, ಹಿಮ್ಮಡಿ ನೋಡಿಕೊಂಡೆ. ಎರಡೂ ಕಾಲಲ್ಲಿ ದ್ರಾಕ್ಷಿ ಗಾತ್ರದ ಗುಳ್ಳೆ. ಯಜಮಾನರ ಕಾಲಿಗೆ? ಒಂದು ಗೀರೂ ಇಲ್ಲ. ಗರಾಜಿನ ಪುಣ್ಯ.

"ನೀ ವ್ಯಾನಿನ್ಯಾಗ ಹೋಗಿಬಿಡು," ಅಂದರು. (ನಮ್ಮ ಸೂಟ್‌ಕೇಸುಗಳನ್ನು ಮುಂದಿನ ಊರಿಗೆ ಸಾಗಿಸುವ ವ್ಯಾನು!)

ಇಪ್ಪತ್ತೆರಡು ವರ್ಷಕ್ಕೊಂದು ರಜೆ, ಅದರಲ್ಲೂ ನಾನು ಲಗೇಜೇ? ಮೈಯೆಲ್ಲ ಉರಿಯಿತು. ಅವರ ಮೇಲೆ, ಅಂಗಡಿಯವಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು. ಬ್ಯಾಗಿನಿಂದ ಬಾತ್‌ರೂಮ್ ಚಪ್ಪಲಿ ತೆಗೆದು ಮೆಟ್ಟಿದೆ. ಬೂಟುಗಳ ಲೇಸು ಸೇರಿಸಿ ಗಂಟು ಹಾಕಿ ಕೊರಳಿಗೆ ಇಳಿಬಿಟ್ಟೆ. ನಮ್ಮ ಕಡೆ ತಪ್ಪು ಮಾಡಿದವರಿಗೆ ಊರವರು ಚಪ್ಪಲಿ ಹಾರ ಹಾಕುತ್ತಾರೆ. ನಾನು ಯಾರಿಗೂ ಆ ತೊಂದರೆ ಕೊಡಲಿಲ್ಲ. ಉಳಿದ ಏಳು ಮೈಲಿಯನ್ನೂ ಹಾಗೇ ನಡೆದೆ.

ಸಂಜೆ ಮಗಳ ಫೋನು. "ಸೋ ಮಮ್, ಹೌ ಆರ್ ದ ಬೂಟ್ಸ್?"

"ನೀ ಹೇಳಿದಂಗ ಬಿಚ್ಚೀನವಾ," ಅಂದೆ. "ಮೂರು ಮೈಲಿ ಆಗೂದ್ರಾಗ."