ತುಕ್ಕು ನಿಂತ ಜಾಗ

ಬೆಳಕು ಸರಿಯಾಗಿ ಹರಿಯುವ ಮುನ್ನ ಈ ಶೆಡ್ಡಿಗೆ ಹೋದರೆ ಮೊದಲು ಕಾಣುವುದು ಎರಡು ಕಾಲು. ಕಾಲಿನೊಡತಿ ಸೀಟು ಕಳಚಿಟ್ಟ ನೀಲಿ ಬಾಡಿಗೆ ಕಾರಿನೊಳಗೆ ಮಲಗಿದ್ದಾರೆ. ‘ಕಾಲು ತುಳೀಬೇಡಿ, ಬಂದೇಬಿಟ್ಟೆ’ ಎಂದು ದನಿ ಬರುತ್ತದೆ. ದನಿಯಷ್ಟೇ ಬರುತ್ತದೆ, ಅವರು ಬರುವುದಿಲ್ಲ. ‘ಬಿಸಿಲೇರಿದ್ರೆ ಈ ತಗಡಿನ ಶೆಡ್ಡು ಕಾದ ಕಾವಲಿ. ಅಷ್ಟರೊಳಗೆ ಮುಗಿಸ್ಬೇಕು.’

ಗ್ಯಾರೇಜುಗಳ ಈ ಸಾಲಿನಲ್ಲಿ ಇವರು ಎಲ್ಲರಿಗೂ ‘ತುಕ್ಕಕ್ಕ’. ಕೈಗೆಟುಕದ ಸಂದಿಗೊಂದಿಗಳಲ್ಲಿ ತುಕ್ಕು ತಿಂದ ತಗಡನ್ನು ಕತ್ತರಿಸಿ ತೆಗೆಯುವುದು ಇವರ ಕೆಲಸ. ತಗಡು ಕುಯ್ಯುವ ಗ್ರೈಂಡರ್ ಹೋಗುವ ಕಡೆಯೆಲ್ಲ ಶೆಡ್ಡಿನ ಯಜಮಾನನಾದ ತಮ್ಮ ಹೋಗುತ್ತಾನೆ, ಅದು ಹೋಗದ ಕಡೆ ಅಕ್ಕ. ಗಾಳಿಯಿಂದ ಓಡುವ ಪುಟ್ಟ ಗರಗಸವೊಂದಿದೆ. ಆದರೆ ಅಕ್ಕನಿಗೆ ಪ್ರಾಣ ಮುರಿದ ಗರಗಸದ ಬ್ಲೇಡಿನ ತುಂಡುಗಳ ಮೇಲೆ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿ, ಸಂದಿಗೊಂದರಂತೆ ಅವನ್ನು ತಾವೇ ಮಾಡಿಕೊಂಡಿದ್ದಾರೆ. ಜೊತೆಗೆ ಪೌಡರ್ ಡಬ್ಬಿಯಿಂದ ಕಿತ್ತ ಕನ್ನಡಿ. ‘ಮುಖ ನೋಡ್ಕೊಂಡಿದ್ದು ಸಾಕು, ಈಗ ಕಾರಿನ ಹೊಟ್ಟೆ ನೋಡ್ತೀನಿ’ ಎಂದು ನಗುತ್ತಾರೆ.

ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದವರು. ‘ಊಟ ಕೊಡೋಕೆ ಬಂದಿದ್ದೆ. ಇವನ ಬ್ಲೇಡು ಸಂದೀಲಿ ಬಿದ್ದಿತ್ತು. ಇವನ ಕೈಯೋ ಮೊರದ ಹಾಗೆ, ತೂರಲ್ಲ. ನನ್ನ ಕೈ ತೂರಿತು. ಆವತ್ತಿಂದ ನಾನೂ ಇಲ್ಲೇ ಸಿಕ್ಕಾಕ್ಕೊಂಡೆ.’ ಮೊದಲ ವರ್ಷವೇ ಬ್ಲೇಡು ಹೆಬ್ಬೆರಳನ್ನು ಅಡ್ಡಕ್ಕೆ ಸೀಳಿತು. ಆ ಗೆರೆ ಇನ್ನೂ ಉಳಿದಿದೆ. ಹೊಸ ತಗಡು ಕೂರಿಸಿದ ಮೇಲೆ, ಬ್ರಷ್ಷು ಹೋಗದ ಮೂಲೆಗೆ ತುಕ್ಕು ತಡೆಯುವ ಕೆಂಪು ಪ್ರೈಮರ್ ಸವರುವುದು ಅದೇ ಬೆರಳಿನಿಂದ.

ನೀಲಿ ಕಾರಿನ ಚಾಲಕ ಶೆಡ್ಡಿನ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಾನೆ. ಕಾರು ಹಳೆಯದು, ಎಷ್ಟು ಕೈ ದಾಟಿ ಬಂತೋ ಅವನಿಗೂ ಗೊತ್ತಿಲ್ಲ. ಬಾಗಿಲ ಕೆಳಗಿನ ತಗಡು ಬೆರಳೊತ್ತಿದರೆ ಪುಡಿಯಾಗುತ್ತಿದೆ. ಒಳಗೆ, ಕಾರಿನ ಚಾವಣಿ ಹೊರುವ ಕಂಬದ ಬುಡಕ್ಕೂ ತುಕ್ಕು ಹತ್ತಿದ್ದರೆ ಕಾರು ನೇರ ಗುಜರಿಗೆ. ಅವನ ಮನೆ ನಡೆಯುವುದೇ ಈ ಕಾರಿನಿಂದ.

‘ಪೂರ್ತಿ ಕುಯ್ದು ನೋಡಿಬಿಡೋಣ’ ಎಂದು ತಮ್ಮ ಗ್ರೈಂಡರ್ ಎತ್ತಿಕೊಳ್ಳುತ್ತಾನೆ.

‘ಹಿಂದೇನೇ ಬ್ರೇಕ್ ಪೈಪಿದೆ. ಇಡೋ ಅದನ್ನ ಕೆಳಗೆ!’

ತಮ್ಮ ತೆಪ್ಪಗೆ ಕೆಳಗಿಡುತ್ತಾನೆ. ಬ್ಲೇಡಿನ ಕಿರ್ ಕಿರ್ ಮತ್ತೆ ಶುರು. ಕೇಳಿ ಕೇಳಿ, ಕೆಲಸ ನೋಡಲು ಬಂದ ನನ್ನ ಹಲ್ಲು ಜುಮ್ಮೆನ್ನುತ್ತದೆ, ಅಕ್ಕನಿಗೆ ಮಾತ್ರ ಅವಸರವೇ ಇಲ್ಲ. ಕೊನೆಗೆ ಅಂಗೈಯಗಲದ ಕೊಳೆತ ತಗಡು ಹೊರಬರುತ್ತದೆ. ಕನ್ನಡಿ, ಟಾರ್ಚು ಒಳಗೆ ಹೋಗುತ್ತವೆ. ಚಾಲಕ ಬಾಗಿಲು ಬಿಟ್ಟು ಕಾರಿನ ಹತ್ತಿರ ಬರುತ್ತಾನೆ.

‘ಅಯ್ಯೋ, ಇಲ್ಲಿ ಬಾರೋ! ಇದು ನಾವು ಹಿಂದೆ ತೇಪೆ ಹಾಕಿದ್ದ ಆ ಬಿಳಿ ಕಾರು ಕಣೋ! ಬಣ್ಣ ಬದಲಾಯಿಸ್ಕೊಂಡು ಬಂದು ನನಗೇ ಯಾಮಾರಿಸ್ತಿದೆ!’

ತಮ್ಮನ ಜೊತೆ ನಾನೂ ಬಗ್ಗುತ್ತೇನೆ. ಕನ್ನಡಿಯಲ್ಲಿ ಕಂಬದ ಬುಡ ಕಾಣುತ್ತದೆ. ಅಲ್ಲೊಂದು ಹಳೆಯ ತೇಪೆ, ಮೇಲೆ ಕೆಂಪು ಪ್ರೈಮರ್, ಅದರಲ್ಲಿ ಹೆಬ್ಬೆರಳಿನ ಗುರುತು. ಗುರುತಿನ ನಡುವೆ ಅಡ್ಡ ಗೆರೆ.

ಚಾಲಕನಿಗೆ ಇದೊಂದೂ ಬೇಕಿಲ್ಲ. ‘ಅಕ್ಕಾ, ಕಂಬ ಹೋಗಿದ್ಯಾ ಇಲ್ವಾ? ಮೊದಲು ಅದು ಹೇಳಿ.’

ತುಕ್ಕಕ್ಕ ಕಡೆಗೂ ಕಾರಿನಿಂದ ಹೊರಬಂದು, ಕೂದಲಿಗಂಟಿದ ತುಕ್ಕಿನ ಪುಡಿ ಕೊಡವುತ್ತಾರೆ.

‘ಏನೂ ಆಗಿಲ್ಲಪ್ಪ. ತುಕ್ಕು ನನ್ನ ಬೆರಳಿನ ತನಕ ಬಂದು, ಅಲ್ಲೇ ನಿಂತಿದೆ.’