ಹಿಂದೆ ನಿಂತು ನೋಡುವವರು

ಲಾಕ್‌ಡೌನ್ ನೆರೆಹೊರೆಯವರನ್ನು ಹತ್ತಿರ ತಂದಿತು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ವಾಲಾಲಂಪುರದ ಬಾಂಗ್ಸಾರ್‌ನಲ್ಲಿ ಆ ಬೆಳಿಗ್ಗೆ ಎದುರು ಮನೆಯ ಡಾಕ್ಟರ್ ಆಂಟಿಯ ಕಾರು ರಿವರ್ಸ್ ಬಂದು ನನ್ನ ಸೈಕಲ್‌ನಿಂದ ಗೇಣು ದೂರದಲ್ಲಿ ನಿಂತಾಗ, ಅವರು ಮನೆಯಲ್ಲಿ ಒಬ್ಬರೇ ಇದ್ದಾರೆಂಬುದು ಕೂಡ ನನಗೆ ಗೊತ್ತಿರಲಿಲ್ಲ.

ನಮ್ಮ ರಸ್ತೆಯ ಒಂದು ಬದಿಗೆ ಗೆರೆ ಎಳೆದು, ಗೇಟುಗಳಿಗೆ ಅಂಟಿಕೊಂಡಂತೆ ಸೈಕಲ್ ಲೇನ್ ಮಾಡಿ ವಾರವಾಗಿತ್ತು. ಅದಕ್ಕೂ ಮೊದಲು ನಡೆದ ನಿವಾಸಿಗಳ ಆನ್‌ಲೈನ್ ಸಭೆಯಲ್ಲಿ ಆಂಟಿ, "ಕಾರು ಹಿಂದೆ ತೆಗೆಯುವಾಗ ನೋಡ್ಲಿಕ್ಕೆ ಯಾರಿದ್ದಾರೆ?" ಎಂದು ಕೇಳಿದ್ದರು. "ಕನ್ನಡಿ ಇರೋದು ಯಾಕೆ?" ಎಂದು ನಾನು ತಿರುಗಿ ಕೇಳಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ. ಆಂಟಿ ಮೈಕ್ ಬಂದ್ ಮಾಡಿದರು. ಗೆದ್ದೆ ಅಂದುಕೊಂಡೆ.

ಈಗ ಅವರು ಕಾರಿನಿಂದ ಇಳಿದು ನನ್ನ ಬಳಿ ಓಡಿ ಬಂದರು.

"ಪೆಟ್ಟಾಯ್ತಾ ಮಾರಾಯ್ತಿ? ಇಷ್ಟು ವರ್ಷ ಇವರು ಹಿಂದೆ ನಿಂತು 'ಬರ್ಲಿ, ಬರ್ಲಿ' ಹೇಳ್ತಿದ್ರು. ಉಡುಪಿಗೆ ಹೋದವರು ವಿಮಾನ ಇಲ್ಲದೆ ಅಲ್ಲೇ ಬಾಕಿ. ನನಗೆ ಕನ್ನಡಿ ನೋಡಿ ಅಭ್ಯಾಸವೇ ಇಲ್ಲ."

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಲೇನಿನ ನಡುವೆ ನಿಂತು, ಎರಡೂ ಕಡೆ ನೋಡಿ "ಬರ್ಲಿ ಆಂಟಿ, ಬರ್ಲಿ" ಎಂದೆ. ಖಾಲಿ ಬೀದಿಯಲ್ಲಿ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಎಷ್ಟೋ ದಿನಗಳಿಂದ ಲ್ಯಾಪ್‌ಟಾಪ್ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಮಾತಾಡಿರಲಿಲ್ಲ.

ಸೈಕಲ್ ಲೇನ್ ಬೇಕು ಎಂದು ಇಂದಿಗೂ ವಾದಿಸುತ್ತೇನೆ. ಆದರೆ ಗಾಜು ಏರಿಸಿಕೊಂಡು ಆಸ್ಪತ್ರೆಗೆ ಹೊರಟ ಆ ಕಾರಿನ ಹಿಂದೆ ನಾನು ಕೂಗಿದ ಪ್ರಶ್ನೆ ಅವರಿಗೆ ಕೇಳಿಸಲೇ ಇಲ್ಲ: "ನಾಳೆ ಎಷ್ಟು ಗಂಟೆಗೆ ಹೊರಡ್ತೀರಿ, ಆಂಟಿ?"