ಇಶಾ ನಮಾಜಿನ ಹೊತ್ತು, ಶಟರ್ ಒಳಗೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಥೆ ಕಟ್ಟಲು ಬರುತ್ತಿದ್ದರೆ ನಾನು ಇಷ್ಟು ವರ್ಷ ಬಟ್ಟೆ ಯಾಕೆ ಅಳೆಯುತ್ತಿದ್ದೆ? ಇದು ಎಂಬತ್ತರ ದಶಕದಲ್ಲಿ, ಸೌದಿಯ ಥುಕ್ಬಾದಲ್ಲಿ ನನಗೇ ಆದದ್ದು.

ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿದೊಡನೆ ಅಲ್ಲಿ ಅಂಗಡಿ ಮುಚ್ಚಲೇಬೇಕು. ನಮ್ಮ ಬಟ್ಟೆ ಅಂಗಡಿಯ ಮ್ಯಾನೇಜರ್, ಉಡುಪಿಯ ಅಬ್ದುಲ್ಲಾಕ, ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿ ಮಸೀದಿಗೆ ಹೋಗುತ್ತಿದ್ದರು. ಮುಸ್ಲಿಮರಲ್ಲದ ನಾವು ಆ ಹೊತ್ತಿನಲ್ಲಿ ಬೀದಿ ಸುತ್ತಿದರೆ ಪೊಲೀಸರ ವಿಚಾರಣೆ ತಪ್ಪಿದ್ದಲ್ಲ. ಹಾಗಾಗಿ ದೀಪ ಆರಿಸಿ, ಸದ್ದಿಲ್ಲದೆ ಒಳಗೇ ಕೂರುವುದು ರೂಢಿ.

ಅಂದು ನನ್ನ ಜೊತೆಗಿದ್ದವರು ಹೊಸದಾಗಿ ಸೇರಿದ ಮಂಗಳೂರಿನ ಫೆಲಿಕ್ಸಣ್ಣ. ಮಾಜಿ ಸೈನಿಕ, ಎಪ್ಪತ್ತೊಂದರ ಯುದ್ಧ ಕಂಡವರು. ರಾತ್ರಿಯ ಇಶಾ ನಮಾಜಿಗೆ ಶಟರ್ ದಡದಡ ಇಳಿಯಿತು... ಬೀಗ ಬಿತ್ತು... ಕಗ್ಗತ್ತಲು.

"ಬಾಗಿಲು ತೆಗೆಸು ಮಾರಾಯ..." ಅವರ ದನಿ ನಡುಗುತ್ತಿತ್ತು.

"ಎಂತ ಫೆಲಿಕ್ಸಣ್ಣ, ಮಿಲಿಟ್ರಿಯವರಿಗೂ ಕತ್ತಲೆ ಹೆದರಿಕೆಯಾ?" ನಾನು ನಕ್ಕೆ.

"ಯುದ್ಧದಲ್ಲಿ ಕೆಸರು ತುಂಬಿದ ಕಂದಕದಲ್ಲಿ ಹೀಗೇ ಕೂತಿದ್ವಿ," ಅವರು ಪಿಸುಗುಟ್ಟಿದರು. "ಮೇಲೆ ಶತ್ರುಗಳು ಓಡಾಡ್ತಿದ್ರು. ಗುಂಡು ತಾಗಿದ ನನ್ನ ದೋಸ್ತ್ ನರಳ್ತಿದ್ದ. ಸದ್ದು ಕೇಳಬಾರ್ದು ಅಂತ ಅವನ ಬಾಯಿ ಒತ್ತಿ ಹಿಡಿದೆ... ಕೈ ತೆಗೆಯುವಾಗ ಉಸಿರಿರ್ಲಿಲ್ಲ."

ಅವರು ಕತ್ತಲಲ್ಲೇ ನನ್ನ ಹತ್ತಿರ ಸರಿದು ಕೂತರು.

"ಊರಿಗೆ ಬಂದೆ. ಒಂದು ರಾತ್ರಿ ಎಚ್ಚರಾಗುವಾಗ ಪಕ್ಕದಲ್ಲಿ ಹೆಂಡತಿ ಉಸಿರುಗಟ್ಟಿ ಒದ್ದಾಡ್ತಿದ್ಳು. ಬಾಯಿ ಸುತ್ತ ಬೆರಳಿನ ಗುರುತು. ನನ್ನ ಕೈಯಿಂದ ಅವಳನ್ನು ಉಳಿಸ್ಲಿಕ್ಕೆ ಇಲ್ಲಿಗೆ ಓಡಿ ಬಂದೆ."

ನನ್ನ ನಗು ಹಾರಿಹೋಯಿತು. ಅಯ್ಯೋ ಪಾಪ ಅನಿಸಿ ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಐಸಿನ ಹಾಗೆ ತಣ್ಣಗಿದ್ದವು.

ಆಗ ಒಂದು ವಾಸನೆ ಬಂತು... ಹೊಸ ಬಟ್ಟೆಯದ್ದಲ್ಲ. ಕೆಸರು, ರಕ್ತ...

ಹಿಂದಿನಿಂದ ಒಂದು ಒದ್ದೆ ಅಂಗೈ ನನ್ನ ಬಾಯಿ ಮುಚ್ಚಿತು.

ಕೊಸರಿದೆ. ಅದು ಇನ್ನೂ ಒತ್ತಿತು. ಓಡೋಣವೆಂದರೆ ಹೊರಗೆ ಬೀಗ! ಸತ್ತೇ ಹೋದೆ ಅಂದುಕೊಂಡೆ. ಫೆಲಿಕ್ಸಣ್ಣನ ಎರಡೂ ಕೈ ನನ್ನ ಹಿಡಿತದಲ್ಲೇ ಇದ್ದವು.

ಶಟರ್ ಮೇಲೇರಿ ಬೆಳಕು ಬಿದ್ದಾಗ ನಾನು ನೆಲದ ಮೇಲೆ ಏದುಸಿರು ಬಿಡುತ್ತಿದ್ದೆ.

"ಯಾ ಅಲ್ಲಾಹ್! ಎಂತ ಆಯ್ತು ನಿನ್ನ ಮುಖಕ್ಕೆ?" ಅಬ್ದುಲ್ಲಾಕ ಕೂಗಿದರು. ನನ್ನ ಕೆನ್ನೆಯ ಮೇಲೆ ಐದು ಬೆರಳ ಗುರುತು, ಕಪ್ಪು ಕೆಸರು.

ಆ ಮರಳುಗಾಡಿನಲ್ಲಿ ಕೆಸರು ಎಲ್ಲಿಂದ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಈಗಲೂ ನನ್ನ ನಿದ್ದೆ ಕೆಡಿಸುವುದು ಫೆಲಿಕ್ಸಣ್ಣ ತಮ್ಮ ಒಣ ಅಂಗೈಗಳನ್ನು ನೋಡಿಕೊಳ್ಳುತ್ತಾ ಆಡಿದ ಮಾತು.

"ಹೆಂಡತಿಯ ಬಾಯಿ ಒತ್ತಿದ್ದು ನನ್ನ ಕೈ ಅಂತ ತಿಳ್ಕೊಂಡಿದ್ದೆ ಮಾರಾಯ. ನನ್ನದಾದ್ರೆ ಕಟ್ಟಿ ಮಲಗ್ಬಹುದಿತ್ತು... ಇನ್ನು ಯಾವ ಧೈರ್ಯದಲ್ಲಿ ಅವಳ ಹತ್ರ ಹೋಗ್ಲಿ?"